ಕ್ಯಾಂಪರ್ ಟ್ರೈಲರ್: ಅನಿಲ ಮತ್ತು ವಿದ್ಯುತ್ ವ್ಯವಸ್ಥೆ

ಕಾರು ಅಥವಾ ಜೀಪಿನ ಹಿಂದೆ ಎಳೆದೊಯ್ಯುವ, ಬಿಡಾರ ಹೂಡಿದಾಗ ಕ್ಯಾನ್ವಾಸ್ ಡೇರೆಯಾಗಿ ಬಿಚ್ಚಿಕೊಳ್ಳುವ ಹಗುರ ಗಾಡಿಯೇ ಕ್ಯಾಂಪರ್ ಟ್ರೈಲರ್. ಆಸ್ಟ್ರೇಲಿಯದಲ್ಲಿ ಇದರ ಬಳಕೆ ವ್ಯಾಪಕ. ಅಲ್ಲಿನ ಒಳನಾಡಿನಲ್ಲಿ ಒಂದೂರಿಗೂ ಇನ್ನೊಂದಕ್ಕೂ ನೂರಾರು ಕಿಲೋಮೀಟರ್ ಅಂತರವಿರುವುದರಿಂದ ಒಲೆ, ದೀಪ, ಫ್ರಿಜ್, ನೀರಿನ ಪಂಪು ಎಲ್ಲಕ್ಕೂ ಬೇಕಾದ ಶಕ್ತಿಯನ್ನು ಗಾಡಿಯೇ ಹೊತ್ತು ಸಾಗಬೇಕು. ಎಲ್‌ಪಿಜಿ ಸಿಲಿಂಡರ್ ಮತ್ತು 12 ವೋಲ್ಟ್ ಬ್ಯಾಟರಿ ಈ ಹೊಣೆಯನ್ನು ಹಂಚಿಕೊಳ್ಳುತ್ತವೆ. ಇವೆರಡನ್ನೂ ಪ್ರತ್ಯೇಕ ಕೆಲಸಗಳೆಂದು ಬಗೆದು ಬೇರೆ ಬೇರೆ ಕೈಗಳು ಜೋಡಿಸುವುದು ರೂಢಿ. ಆದರೆ ಸೋರಬಲ್ಲ ಅನಿಲವೂ ಕಿಡಿ ಹಾರಿಸಬಲ್ಲ ತಂತಿಯೂ ಕೆಲವೇ ಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಒಟ್ಟಿಗಿರುವಾಗ, ಎರಡನ್ನೂ ಒಂದೇ ವ್ಯವಸ್ಥೆಯಾಗಿ ಯೋಜಿಸದ ಹೊರತು ಸುರಕ್ಷತೆ ಸಾಧ್ಯವಿಲ್ಲ.

ಅನಿಲದ ಗುಣವೇ ಇದಕ್ಕೆ ಮೊದಲ ಆಧಾರ. ಆಸ್ಟ್ರೇಲಿಯದ ಎಲ್‌ಪಿಜಿಯಲ್ಲಿ ಮುಖ್ಯವಾಗಿರುವ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಚದುರದೆ ನೆಲಮಟ್ಟದಲ್ಲಿ, ಪೆಟ್ಟಿಗೆಯ ತಳದಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 2 ಮುಟ್ಟಿದರೆ ಒಂದು ಕಿಡಿ ಸಾಕು. ಆದ್ದರಿಂದಲೇ ಸಿಲಿಂಡರನ್ನು ಗಾಡಿಯ ಮುಂಭಾಗದ ಚೌಕಟ್ಟಿನ ಮೇಲೆ ಬಯಲಿನಲ್ಲಿ ನಿಲ್ಲಿಸುತ್ತಾರೆ. ಇಲ್ಲವೇ ಒಳಾಂಗಣಕ್ಕೆ ಸಂಪರ್ಕವಿಲ್ಲದ, ತಳದಲ್ಲಿ ಹೊರಕ್ಕೆ ಗಾಳಿಕಿಂಡಿಯಿರುವ ಗೂಡಿನಲ್ಲಿ ಇಡುತ್ತಾರೆ. ಆ ಗೂಡಿನೊಳಗೆ ಬ್ಯಾಟರಿ, ಸ್ವಿಚ್ಚು, ಪಂಪಿನ ಮೋಟಾರು ಯಾವುದೂ ಇರಕೂಡದು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು; ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಪ್ರತಿ ಜೋಡಣೆಗೂ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಇಂದಿಗೂ ನೆಚ್ಚಬಹುದಾದ ಪರೀಕ್ಷೆ.

ವಿದ್ಯುತ್ತಿನ ಕಡೆ, 12 ವೋಲ್ಟ್ ಎಂದಾಕ್ಷಣ ಅಪಾಯವಿಲ್ಲ ಎಂಬ ನಂಬಿಕೆ ಬಲವಾಗಿದೆ. ಮುಟ್ಟಿದರೆ ಶಾಕ್ ಹೊಡೆಯದು ನಿಜ. ಆದರೆ ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಹರಿಯಬೇಕು, ಬೆಂಕಿ ಹುಟ್ಟುವುದು ಅದರಿಂದ. ಆಸ್ಟ್ರೇಲಿಯದ ಅಂಗಡಿಗಳಲ್ಲಿ 6 ಮಿ.ಮೀ. ಎಂದು ಮಾರುವ ಆಟೊ ಕೇಬಲ್ಲಿನ ಅಳತೆ ಹೊದಿಕೆಯನ್ನೂ ಸೇರಿಸಿದ್ದು. ಒಳಗಿನ ತಾಮ್ರ ಸುಮಾರು 4.6 ಚದರ ಮಿ.ಮೀ. ಮಾತ್ರ. ಕಾರಿನ ಬ್ಯಾಟರಿಯಿಂದ 8 ಮೀಟರ್ ದೂರದ ಟ್ರೈಲರಿಗೆ ಇಂಥ ಕೇಬಲ್ಲಿನಲ್ಲಿ 20 ಆಂಪಿಯರ್ ಹರಿಸಿದರೆ, ಹೋಗಿಬರುವ 16 ಮೀಟರಿನಲ್ಲಿ ಸುಮಾರು 1.2 ವೋಲ್ಟ್ ನಷ್ಟವಾಗುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗದಿರಲು ಅಷ್ಟು ಸಾಕು. ದಪ್ಪ ಕೇಬಲ್ ಎಳೆದು, ಟ್ರೈಲರಿನಲ್ಲಿ ಡಿಸಿ-ಡಿಸಿ ಚಾರ್ಜರ್ ಇಡುವುದು ಇದಕ್ಕೆ ಪರಿಹಾರ. ಇನ್ನೂ ಕೆಟ್ಟದ್ದು ಸಡಿಲ ಟರ್ಮಿನಲ್: ಉದ್ದಕ್ಕೂ ಹಂಚಿಹೋಗಬೇಕಾದ ಶಾಖ ಅಲ್ಲಿ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತದೆ. ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕೆಂಬ ನಿಯಮದ ಕಾರಣವೂ ಬೆಂಕಿಯೇ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿಗೆ ರಕ್ಷಣೆಯೇ ಇರುವುದಿಲ್ಲ.

ಹಾಗಾದರೆ ಅನಿಲವನ್ನೇ ಬಿಟ್ಟು ಇಂಡಕ್ಷನ್ ಒಲೆ ಬಳಸಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಲಿಥಿಯಂ ಬ್ಯಾಟರಿ ಬಂದ ಮೇಲೆ ಹಲವರು ಹಾಗೆ ಮಾಡಿದ್ದಾರೆ. ಲೆಕ್ಕ ಮಾತ್ರ ಕಠಿಣ. 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿರುವುದು ಸುಮಾರು 1.28 ಕಿಲೋವಾಟ್-ಗಂಟೆ ಶಕ್ತಿ. 2000 ವಾಟಿನ ಒಲೆ ಇನ್ವರ್ಟರಿನ ಮೂಲಕ 170 ಆಂಪಿಯರಿಗೂ ಹೆಚ್ಚು ಸೆಳೆದು ಅರ್ಧ ಗಂಟೆಯಲ್ಲಿ ಅದನ್ನು ಬರಿದಾಗಿಸುತ್ತದೆ. 4 ಕೆ.ಜಿ. ಅನಿಲದಲ್ಲಿ ಸುಮಾರು 50 ಕಿಲೋವಾಟ್-ಗಂಟೆ ಶಾಖವಿದೆ. ಅರ್ಧ ಪೋಲಾದರೂ ಅದು ಅಂಥ ಇಪ್ಪತ್ತು ಬ್ಯಾಟರಿಗೆ ಸಮ. ಶಾಖಕ್ಕೆ ಅನಿಲ, ಉಳಿದದ್ದಕ್ಕೆ ವಿದ್ಯುತ್ ಎಂಬ ಹಂಚಿಕೆ ಇನ್ನೂ ಉಳಿದಿರುವುದು ಇದರಿಂದ. ಅಡುಗೆಮನೆ ಹೊರಕ್ಕೆ ಜಾರಿ ತೆರೆದುಕೊಳ್ಳುವಂಥದ್ದು, ಆದ್ದರಿಂದ ಭಯ ಬೇಡ ಎಂಬುದು ಇನ್ನೊಂದು ವಾದ. ಆದರೆ ಆ ಅಡುಗೆಮನೆ ರಾತ್ರಿ ಒಳಕ್ಕೆ ಸರಿಯುತ್ತದೆ, ಪ್ರತಿ ಸಲ ಹೊಸ್ ಪೈಪ್ ಬಾಗುತ್ತದೆ, ಪಕ್ಕದಲ್ಲೇ ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿರುತ್ತದೆ. ಅನಿಲ ಸೂಚಕ ಇದ್ದರೆ ಸಾಲದೇ ಎಂದರೆ, ಬ್ಯಾಟರಿ ಬರಿದಾದಾಗ ಅದಕ್ಕೂ ಜೀವವಿಲ್ಲ. ಅನಿಲದ ಕಾವಲು ವಿದ್ಯುತ್ತಿನ ಮೇಲೆ ನಿಂತಿರುವುದೇ ಎರಡೂ ಒಂದೇ ವ್ಯವಸ್ಥೆ ಎಂಬುದಕ್ಕೆ ಸಾಕ್ಷಿ. ಮುಚ್ಚಿದ ಡೇರೆಯೊಳಗೆ ಒಲೆ ಉರಿಸಿದರೆ ಹುಟ್ಟಬಹುದಾದ ಕಾರ್ಬನ್ ಮಾನಾಕ್ಸೈಡಿಗಂತೂ ವಾಸನೆಯೇ ಇಲ್ಲ. ಆದ್ದರಿಂದ ಗಾಳಿಕಿಂಡಿಯ ಜಾಗವನ್ನು ಯಾವ ಉಪಕರಣವೂ ತುಂಬಲಾರದು.

ಆಸ್ಟ್ರೇಲಿಯದಲ್ಲಿ ಅನಿಲ ಜೋಡಣೆಗೆ ಎಎಸ್/ಎನ್‌ಜೆಡ್‌ಎಸ್ 5601.2, ವಿದ್ಯುತ್ತಿಗೆ ಎಎಸ್/ಎನ್‌ಜೆಡ್‌ಎಸ್ 3001.2 ಮಾನದಂಡಗಳಿವೆ; ಎರಡನೆಯದರ 2022ರ ಆವೃತ್ತಿ ಲಿಥಿಯಂ ಬ್ಯಾಟರಿಯಿಂದ ಹೊರಬರಬಹುದಾದ ಅನಿಲವು ಜನ ಮಲಗುವ ಜಾಗಕ್ಕೆ ಬರದಂತೆ ಕಟ್ಟುಪಾಡು ಹಾಕಿದೆ. ಅನಿಲಕ್ಕೆ ಪರವಾನಗಿ ಪಡೆದ ಗ್ಯಾಸ್ ಫಿಟ್ಟರ್, 230 ವೋಲ್ಟಿಗೆ ಎಲೆಕ್ಟ್ರಿಷಿಯನ್ ಹೊಣೆ. ಆದರೆ 12 ವೋಲ್ಟ್ ವೈರಿಂಗನ್ನು ಮಾಲೀಕರೇ ಮಾಡಿಕೊಳ್ಳುವುದು ಸಾಮಾನ್ಯ. ಕಾಲಕ್ರಮೇಣ ಸೇರುವ ಸಾಕೆಟ್ಟು, ಪಂಪು, ಎರಡನೇ ಬ್ಯಾಟರಿಗಳು ಹಳೆಯ ಪ್ರಮಾಣಪತ್ರದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅನಿಲದ ಕೊಳವೆ, ಗಾಳಿಕಿಂಡಿ, ಬ್ಯಾಟರಿ, ಫ್ಯೂಸು, ಸ್ವಿಚ್ಚುಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಗುರುತಿಸಿ, ಹೊಸದೇನಾದರೂ ಸೇರಿಸುವ ಮೊದಲು ಅದನ್ನು ನೋಡುವುದು ಅತ್ಯಗತ್ಯ. ಇಬ್ಬರು ಪರಿಣತರ ಹೊಣೆಗಳ ನಡುವೆ ಉಳಿಯುವ ತೆರಪನ್ನು ಮುಚ್ಚಬೇಕಾದವರು ಆ ಗಾಡಿಯಲ್ಲಿ ಮಲಗುವವರೇ.