ಫ್ಲ್ಯಾಶ್‌ನೊಳಗೆ ಲೆಕ್ಕ ಬಂದ ದಾರಿ

ಫ್ಲ್ಯಾಶ್ ಅಂದರೆ ಎಲ್ಲರಿಗೂ ನೆನಪಾಗುವುದು ಕುಣಿಯುವ ಅಕ್ಷರ, ‘ಸ್ಕಿಪ್ ಇಂಟ್ರೊ’ ಬಟನ್, ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಆಡಿದ ಆಟ. ನಾನು ಆ ಸಾಫ್ಟ್‌ವೇರಿನಿಂದಲೇ ಅನ್ನ ಉಂಡವಳು, ಆದರೆ ಏನನ್ನೂ ಕುಣಿಸಿದವಳಲ್ಲ. ನನ್ನ ಕೆಲಸ ಬೇರೆ. ಸರ್ವರಿನಲ್ಲಿ ಬಿದ್ದಿದ್ದ ಲೆಕ್ಕವನ್ನು ಫ್ಲ್ಯಾಶ್ ಪರದೆಗೆ ತರಬೇಕು, ಪರದೆಯಲ್ಲಿ ತುಂಬಿದ್ದನ್ನು ಸರ್ವರಿಗೆ ವಾಪಸ್ ಮುಟ್ಟಿಸಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ‘ಮಲ್ಟಿಮೀಡಿಯಾ ಡೆವಲಪರ್’ ಅಂತ ಇತ್ತು. ಅತ್ತೆ ನೆಂಟರಿಗೆಲ್ಲ ‘ಕಾರ್ಟೂನ್ ಮಾಡ್ತಾಳೆ’ ಅಂತಲೇ ಹೇಳುತ್ತಿದ್ದರು, ನಾನೂ ತಿದ್ದಲಿಲ್ಲ.

ಮನೆ ಚಿಕ್ಕಬಾಣಾವರ, ರೈಲ್ವೆ ಸ್ಟೇಷನ್ನಿನ ಹತ್ತಿರ. ಕಚೇರಿ ಪೀಣ್ಯ ಎರಡನೇ ಹಂತ. ಹೆಸರಘಟ್ಟ ರಸ್ತೆ ಹಿಡಿದು ಎಂಟನೇ ಮೈಲಿ, ಅಲ್ಲಿಂದ ತುಮಕೂರು ರಸ್ತೆ. ನಮ್ಮೂರು ಆಗ ಅರ್ಧ ಹಳ್ಳಿ, ಅರ್ಧ ಹಾಸ್ಟೆಲ್ಲು. 2000ದಲ್ಲಿ ಸೋಲದೇವನಹಳ್ಳಿಯಲ್ಲಿ ಆಚಾರ್ಯ, ಆಮೇಲೆ ಚಿಕ್ಕಸಂದ್ರದಲ್ಲಿ ಸಪ್ತಗಿರಿ, ಹೀಗೆ ಒಂದರ ಹಿಂದೆ ಒಂದು ಎಂಜಿನಿಯರಿಂಗ್ ಕಾಲೇಜು ಬಂದವು. ಅವುಗಳ ಬೆನ್ನಿಗೇ ಪಿ.ಜಿ.ಗಳು, ಜೆರಾಕ್ಸ್ ಅಂಗಡಿಗಳು, ಪ್ರಾಜೆಕ್ಟ್ ರಿಪೋರ್ಟಿಗೆ ಬೈಂಡಿಂಗ್ ಹಾಕುವವರು. ಪೀಣ್ಯದ ಕಟ್ಟಡದಲ್ಲಿ ಕೆಳಗೆ ಲೇತು, ಡ್ರಿಲ್ಲಿಂಗ್ ಮಷಿನ್ನು. ಮೇಲಿನ ಮಹಡಿಯಲ್ಲಿ ನಾವು. ಕೆಳಗೆ ದೊಡ್ಡ ಮೋಟಾರು ಚಾಲೂ ಆದಾಗ ನಮ್ಮ ಮಾನಿಟರಿನ ಚಿತ್ರ ಒಂದು ಸಲ ಕುಗ್ಗಿ ಹಿಗ್ಗುತ್ತಿತ್ತು. ನಮ್ಮ ಗಿರಾಕಿಗಳೂ ಆ ಕಾರ್ಖಾನೆಗಳೇ. ಮೊದಲು ಅವರಿಗೆ ಬೇಕಾಗಿದ್ದದ್ದು ತಿರುಗುವ ಗೇರಿನ ಚಿತ್ರವಿರುವ ವೆಬ್‌ಸೈಟು. ಒಂದೆರಡು ವರ್ಷದಲ್ಲಿ ಬೇಡಿಕೆ ಬದಲಾಯಿತು: ಆರ್ಡರ್ ಎಲ್ಲಿಗೆ ಬಂತು ಅಂತ ಹೊರದೇಶದ ಗಿರಾಕಿ ಅಲ್ಲೇ ಕೂತು ನೋಡಬೇಕು, ಇವತ್ತು ಎಷ್ಟು ಪೀಸ್ ಆಯಿತು ಅಂತ ಯಜಮಾನರು ಮನೆಯಿಂದಲೇ ನೋಡಬೇಕು.

ಫ್ಲ್ಯಾಶ್ ಹುಟ್ಟಿದ್ದು ಇದಕ್ಕಲ್ಲ. ಜೊನಾಥನ್ ಗೇ ಮತ್ತು ಸಂಗಡಿಗರ ಫ್ಯೂಚರ್‌ವೇವ್ ಕಂಪನಿ 1996ರಲ್ಲಿ ಹೊರತಂದ ‘ಫ್ಯೂಚರ್‌ಸ್ಪ್ಲ್ಯಾಶ್ ಅನಿಮೇಟರ್’ ಚಿತ್ರ ಬರೆದು ಓಡಿಸುವ ಉಪಕರಣ, ಅಷ್ಟೇ. ಆ ವರ್ಷದ ಕೊನೆಗೆ ಮ್ಯಾಕ್ರೊಮೀಡಿಯಾ ಅದನ್ನು ಕೊಂಡು ಹೆಸರು ಮೊಟಕು ಮಾಡಿತು. ಹೊರಗಿನ ಲೆಕ್ಕ ಒಳಗೆ ಬರಲು ದಾರಿಯಾದದ್ದು 1999ರ ಫ್ಲ್ಯಾಶ್ 4ರಲ್ಲಿ, ‘ಲೋಡ್ ವೇರಿಯಬಲ್ಸ್’ ಎಂಬ ಆಜ್ಞೆಯಿಂದ. ಸರ್ವರು ಒಂದೇ ಉದ್ದನೆಯ ಸಾಲು ಕಳಿಸಬೇಕು: ಹೆಸರು, ಸಮ ಚಿಹ್ನೆ, ಬೆಲೆ; ನಡುವೆ & ಗುರುತು; ಮತ್ತೆ ಹೆಸರು, ಸಮ ಚಿಹ್ನೆ, ಬೆಲೆ. ಲೆಕ್ಕವೆಲ್ಲ ಬಂದು ಮುಟ್ಟಿತು ಅಂತ ಹೇಳುವವರು ಯಾರೂ ಇರಲಿಲ್ಲ. ಆದ್ದರಿಂದ ಸಾಲಿನ ಕೊನೆಗೆ ‘ಮುಗಿಯಿತು’ ಅಂತ ಒಂದು ಹೆಚ್ಚುವರಿ ಹೆಸರು ಸೇರಿಸಿ, ಅದು ಕಾಣುವವರೆಗೂ ಎರಡು ಫ್ರೇಮುಗಳ ನಡುವೆ ಫ್ಲ್ಯಾಶನ್ನು ಸುತ್ತಾಡಿಸುತ್ತಿದ್ದೆವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಹಳೇ ಉತ್ತರವನ್ನೇ ಮತ್ತೆ ಮತ್ತೆ ಕೊಡುತ್ತದೆ ಅಂತ ವಿಳಾಸದ ಬಾಲಕ್ಕೆ ಪ್ರತಿ ಸಲವೂ ಒಂದೊಂದು ಹೊಸ ಸಂಖ್ಯೆ ಅಂಟಿಸುತ್ತಿದ್ದೆವು. ಬಂದದ್ದೆಲ್ಲ ಅಕ್ಷರವಾಗಿಯೇ ಬರುವುದರಿಂದ ಐದಕ್ಕೆ ಮೂರು ಕೂಡಿಸಿದರೆ 53 ಆಗುತ್ತಿತ್ತು. ಸ್ಟಾಕಿನ ಮೊತ್ತ ಕೋಟಿ ದಾಟಿದ ದಿನ ಕೂಡಿಸುವ ಮೊದಲು ಸಂಖ್ಯೆಯಾಗಿ ಪರಿವರ್ತಿಸಿಲ್ಲ ಅಂತ ಗೊತ್ತಾಗುತ್ತಿತ್ತು. ಇನ್ನು ಕಂಪನಿಯ ಹೆಸರಿನೊಳಗೇ & ಇದ್ದರೆ ಫ್ಲ್ಯಾಶ್ ಅಲ್ಲಿಗೆ ಹೆಸರು ಕತ್ತರಿಸುತ್ತಿತ್ತು. ‘& ಸನ್ಸ್’ ಅಂತ ಬೋರ್ಡು ಹಾಕಿಕೊಂಡವರ ವೆಬ್‌ಸೈಟಿನಲ್ಲಿ ಅಪ್ಪ ಮಾತ್ರ ಉಳಿದು ಮಕ್ಕಳೆಲ್ಲ ಮಾಯ.

ಕನ್ನಡ ಕಳಿಸಬೇಕಾದಾಗ ಫಜೀತಿ ಇನ್ನೊಂದು ಬಗೆಯದು. ಆ ಕಾಲದ ನುಡಿ, ಬರಹ ಫಾಂಟುಗಳಲ್ಲಿ ‘ಕನ್ನಡ’ ಅಂತ ಟೈಪಿಸಿದರೆ ಫೈಲಿನೊಳಗೆ ಕೂರುತ್ತಿದ್ದದ್ದು ಇಂಗ್ಲಿಷಿನ ದೊಡ್ಡ ಪಿ, ಟೊಪ್ಪಿ ಹಾಕಿದ ಎ, ಪೌಂಡಿನ ಗುರುತು, ಜರ್ಮನ್ನರ ಎಸ್ಸು. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು, ಅಷ್ಟೇ. 2002ರ ಫ್ಲ್ಯಾಶ್ ಪ್ಲೇಯರ್ 6 ಒಳಬರುವ ಪಠ್ಯವನ್ನೆಲ್ಲ ಯೂನಿಕೋಡ್ ಎಂದೇ ಓದತೊಡಗಿತು. ಪೌಂಡು, ಟೊಪ್ಪಿಯ ಎ ಎಲ್ಲ ಕಲಸಿಹೋದವು. ‘ಸಿಸ್ಟಂ ಯೂಸ್ ಕೋಡ್‌ಪೇಜ್’ ಅನ್ನುವ ಒಂದು ಸಾಲನ್ನು ಮೊದಲ ಫ್ರೇಮಿನಲ್ಲಿ ಬರೆದರೆ ಹಳೇ ಪದ್ಧತಿಗೆ ಮರಳುತ್ತಿತ್ತು. ಈ ಒಂದು ಸಾಲು ಗೊತ್ತಿದ್ದವರಿಗೆ ಕನ್ನಡದ ಕೆಲಸ ಸಿಗುತ್ತಿತ್ತು, ನನಗೆ ಗೊತ್ತಿತ್ತು.

ಹಾಗಾದರೆ ಯೂನಿಕೋಡಿಗೇ ಹೋಗಬಹುದಿತ್ತಲ್ಲ? ಹೋದರೆ ಇನ್ನೊಂದು ಗುಂಡಿ. ಯೂನಿಕೋಡ್ ಕನ್ನಡ ಫಾಂಟನ್ನು ಫ್ಲ್ಯಾಶ್ ಫೈಲಿನೊಳಗೆ ಸೇರಿಸಿದರೆ ಅಕ್ಷರ ಜೋಡಿಸುವುದು ಅದಕ್ಕೆ ತಿಳಿಯುತ್ತಿರಲಿಲ್ಲ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ನೋಡುವವರ ಕಂಪ್ಯೂಟರಿನ ತುಂಗಾ ಫಾಂಟನ್ನು ನೆಚ್ಚೋಣವೆಂದರೆ ವಿಂಡೋಸ್ ಎಕ್ಸ್‌ಪಿಯಲ್ಲಿ ಭಾರತೀಯ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಹಾಕಿಸಬೇಕು, ಅದಕ್ಕೆ ವಿಂಡೋಸ್ ಸಿ.ಡಿ. ಬೇಕು, ಆ ಸಿ.ಡಿ. ಎಲ್ಲಿದೆ ಅಂತ ಯಾವ ಕಚೇರಿಯಲ್ಲೂ ಯಾರಿಗೂ ಗೊತ್ತಿರುತ್ತಿರಲಿಲ್ಲ. ಕ್ಲಿಷ್ಟ ಲಿಪಿಗಳನ್ನು ಸರಿಯಾಗಿ ಜೋಡಿಸುವ ಪಠ್ಯ ಯಂತ್ರ ಫ್ಲ್ಯಾಶಿಗೆ ಬಂದದ್ದು 2008ರ ಅಕ್ಟೋಬರಿನಲ್ಲಿ, ಪ್ಲೇಯರ್ 10ರ ಜತೆ. ಅಲ್ಲಿಯವರೆಗೆ ನಮ್ಮ ಡೇಟಾಬೇಸುಗಳಲ್ಲಿ ಕನ್ನಡದ ಹೆಸರುಗಳೆಲ್ಲ ಪೌಂಡು, ಟೊಪ್ಪಿಗಳಾಗಿಯೇ ಕೂತಿದ್ದವು. ಹುಡುಕಲು ಆಗದು, ಅಕಾರಾದಿಯಾಗಿ ಜೋಡಿಸಲು ಆಗದು. ಕನ್ನಡ ಗಣಕೀಕರಣದ ಬಗ್ಗೆ ಬರೆಯುವವರು ಫಾಂಟು, ಕೀಲಿಮಣೆಗಳ ಜಗಳವನ್ನು ವಿವರವಾಗಿ ಬರೆಯುತ್ತಾರೆ. ಸಾಗಣೆಯಲ್ಲಿ ಒಡೆದ ಅಕ್ಷರಗಳೂ ಆ ಕಥೆಗೆ ಸೇರಬೇಕು ಅಂತ ನನ್ನ ವಾದ.

ಮ್ಯಾಕ್ರೊಮೀಡಿಯಾಗೆ ಲೆಕ್ಕದ ಹುಚ್ಚು ಹಿಡಿದದ್ದಕ್ಕೆ ಒಂದು ವ್ಯಾಪಾರದ ಕಾರಣವಿದೆ. 2001ರಲ್ಲಿ ಅದು ಅಲೇರ್ ಕಂಪನಿಯನ್ನು ಕೊಂಡಿತು. ಅಲೇರ್‌ನವರದು ಕೋಲ್ಡ್‌ಫ್ಯೂಷನ್, ಅಂದರೆ ಸರ್ವರಿನ ಸರಕು. ಚಿತ್ರದವರೂ ಸರ್ವರಿನವರೂ ಒಂದೇ ಸೂರಿನಡಿ ಬಂದ ಮೇಲೆ ಇಬ್ಬರೂ ಮಾತಾಡಲೇಬೇಕಲ್ಲ. 2002ರಲ್ಲಿ ಫ್ಲ್ಯಾಶ್ ಎಂಎಕ್ಸ್ ಜತೆಗೆ ‘ಫ್ಲ್ಯಾಶ್ ರಿಮೋಟಿಂಗ್’ ಬಂತು, ಅದರೊಂದಿಗೆ ಎಎಂಎಫ್ ಎಂಬ ಬೈನರಿ ರೂಪ. ಸಂಖ್ಯೆ ಸಂಖ್ಯೆಯಾಗಿಯೇ, ದಿನಾಂಕ ದಿನಾಂಕವಾಗಿಯೇ ಬಂದು ಇಳಿಯುವಂಥದ್ದು. ಐದಕ್ಕೆ ಮೂರು ಕೂಡಿಸಿದರೆ ಎಂಟೇ. ಬೈನರಿಯಾದ್ದರಿಂದ ಗಾತ್ರವೂ ಚಿಕ್ಕದು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದದ್ದೇ 2005ರ ಜನವರಿಯಲ್ಲಿ. ಅದಕ್ಕೆ ಮುಂಚೆ ಡಯಲಪ್ಪಿನಲ್ಲಿ ಒದ್ದಾಡುತ್ತಿದ್ದ ಚಿಕ್ಕಬಾಣಾವರದಂಥ ಊರಿನವರಿಗೆ ಚಿಕ್ಕದಾಗಿ ಬಂದದ್ದೇ ಭಾಗ್ಯ. ಮ್ಯಾಕ್ರೊಮೀಡಿಯಾದ ಸರ್ವರ್ ಸರಕಿಗೆ ದುಡ್ಡು ಕೊಡಲು ಪೀಣ್ಯದ ಯಾವ ಯಜಮಾನರೂ ತಯಾರಿರಲಿಲ್ಲ. ನಮ್ಮನ್ನು ಕಾಪಾಡಿದ್ದು ಎಎಂಎಫ್‌ಪಿಎಚ್‌ಪಿ. ಪುಣ್ಯಾತ್ಮರು ಯಾರೋ ಆ ಬೈನರಿಯ ಗುಟ್ಟು ಬಿಡಿಸಿ, ಪಿಎಚ್‌ಪಿಯಲ್ಲಿ ಬರೆದು, ಪುಕ್ಕಟೆ ಹಂಚಿದ್ದರು. ಮುಂದೆ ಮ್ಯಾಕ್ರೊಮೀಡಿಯಾವನ್ನು ಕೊಂಡ ಅಡೋಬಿ ತಾನೇ ಎಎಂಎಫ್‌ನ ವಿವರಗಳನ್ನು ಪ್ರಕಟಿಸಿದ್ದು 2007ರ ಡಿಸೆಂಬರಿನಲ್ಲಿ, ಅಷ್ಟು ಹೊತ್ತಿಗೆ ನಾವು ಎಷ್ಟೋ ಬಿಲ್ಲು ವಸೂಲು ಮಾಡಿ ಆಗಿತ್ತು.

ಕೇಳಿದ ಲೆಕ್ಕವನ್ನು ವೆಬ್ಬಿನ ಮೂಲಕ ಒದಗಿಸುವ ‘ವೆಬ್ ಸರ್ವಿಸ್’ ಎಂಬ ಮಾತು ಜೋರಾಗಿದ್ದದ್ದೂ ರಿಮೋಟಿಂಗ್ ಬಂದ ಆ ಕಾಲದಲ್ಲೇ. 2003ರಲ್ಲಿ ಬಂದ ಫ್ಲ್ಯಾಶ್ ಎಂಎಕ್ಸ್ 2004ರ ದುಬಾರಿ ಆವೃತ್ತಿಯಲ್ಲಿ ‘ವೆಬ್ ಸರ್ವಿಸ್ ಕನೆಕ್ಟರ್’ ಇತ್ತು: ಸರ್ವಿಸಿನ ವಿವರಣೆಯ ವಿಳಾಸ ಕೊಟ್ಟರೆ ಸಾಕು, ಏನೇನು ಕೇಳಬಹುದು ಅಂತ ತಾನೇ ಪಟ್ಟಿ ಮಾಡುತ್ತಿತ್ತು. ಚಂದವಾಗಿಯೇ ಇತ್ತು. ಆದರೆ ಒಂದು ಸಂಖ್ಯೆ ತರಲು ಸೋಪ್ ಎಂಬ ಪದ್ಧತಿ ಕಳಿಸುತ್ತಿದ್ದ ಕಾಗದ ಪತ್ರ ನೋಡಿದರೆ, ಒಂದು ತೆಂಗಿನಕಾಯಿ ತರಲು ಲಾರಿ ಕಳಿಸಿದ ಹಾಗೆ. ಇನ್ನೊಂದು ತೊಡಕು ನಮ್ಮ ರಾತ್ರಿಗಳನ್ನೇ ತಿಂದಿತು. ಸರ್ವರಿನಲ್ಲಿ ತಪ್ಪಾದಾಗ ಸೋಪ್ ನಿಯಮದಂತೆ ತಪ್ಪಿನ ವಿವರ ಬರೆದು, ಮೇಲೆ 500 ಎಂಬ ಸಂಕೇತ ಹಾಕಿ ಕಳಿಸುತ್ತದೆ. ಫ್ಲ್ಯಾಶ್ ಪ್ಲೇಯರು ಬ್ರೌಸರಿನ ಮೂಲಕವೇ ಎಲ್ಲ ತರಿಸಿಕೊಳ್ಳುವುದು. 500 ಕಂಡ ಬ್ರೌಸರು ಒಳಗಿನ ವಿವರವನ್ನು ಫ್ಲ್ಯಾಶಿನ ಕೈಗೆ ಕೊಡುತ್ತಿರಲಿಲ್ಲ. ಏನೋ ಕೆಟ್ಟಿದೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ಕೊನೆಗೆ ಎಲ್ಲರೂ ಕಂಡುಕೊಂಡ ದಾರಿ ಒಂದೇ: ತಪ್ಪಾದಾಗಲೂ ‘ಎಲ್ಲ ಸರಿಯಿದೆ’ ಎಂಬ 200 ಹಾಕಿಯೇ ಕಳಿಸಿ, ಒಳಗೆ ಸತ್ಯ ಬರೆಯುವಂತೆ ಸರ್ವರಿನವರನ್ನು ಒಪ್ಪಿಸುವುದು. ಒಪ್ಪಿಸಲು ನಡೆದ ಜಗಳಗಳಲ್ಲಿ ನಾನು ಗೆದ್ದದ್ದೇ ಹೆಚ್ಚು, ಯಾಕೆಂದರೆ ಗಿರಾಕಿ ನೋಡುತ್ತಿದ್ದದ್ದು ನನ್ನ ಪರದೆಯನ್ನು.

ಪ್ಲೇಯರ್ 7ರಿಂದ ಮತ್ತೊಂದು ಕಾವಲು ಬಿಗಿಯಾಯಿತು. ನಮ್ಮ ಸೈಟಿನ ಫ್ಲ್ಯಾಶು ಬೇರೆ ಸೈಟಿನ ಲೆಕ್ಕ ಓದಬೇಕಾದರೆ ಆ ಸೈಟಿನ ಹೆಬ್ಬಾಗಿಲಲ್ಲಿ ‘ಕ್ರಾಸ್‌ಡೊಮೇನ್’ ಎಂಬ ಸಣ್ಣ ಫೈಲು ಇರಬೇಕು, ಅದರಲ್ಲಿ ನಮ್ಮ ಹೆಸರು ಬರೆದಿರಬೇಕು. ಬಹಳ ಜನ ಹೆಸರು ಬರೆಯುವ ಗೋಜಿಗೇ ಹೋಗದೆ ನಕ್ಷತ್ರದ ಗುರುತು ಹಾಕಿಬಿಡುತ್ತಿದ್ದರು, ಅಂದರೆ ಊರಿಗೆಲ್ಲ ಬಾಗಿಲು ತೆರೆದ ಹಾಗೆ. ಫ್ಲಿಕರ್‌ನಂಥ ದೊಡ್ಡ ತಾಣವೇ 2006ರಲ್ಲಿ ಇದರ ಅಪಾಯ ಕಂಡು ಆ ಫೈಲನ್ನು ಮುಖ್ಯ ವಿಳಾಸದಿಂದ ತೆಗೆದು ಬೇರೆ ವಿಳಾಸಕ್ಕೆ ಸಾಗಿಸಬೇಕಾಯಿತು.

ನಾವು ಮಹಡಿಯ ಮೇಲೆ ಹೀಗೆ ಹೆಣಗುತ್ತಿದ್ದಾಗ ಇದೇ ಕಸುಬು ದೊಡ್ಡ ಮಟ್ಟದಲ್ಲೂ ಬೆಳೆದಿತ್ತು. ಕೋಲ್ಕತ್ತದಲ್ಲಿ ಪಲ್ಲವ್ ನಧಾನಿ ಎಂಬ ಹದಿನೇಳರ ಹುಡುಗ 2002ರಲ್ಲಿ ಶುರುಮಾಡಿದ ಫ್ಯೂಷನ್‌ಚಾರ್ಟ್ಸ್, ಎಕ್ಸ್‌ಎಂಎಲ್ ಕೊಟ್ಟರೆ ಫ್ಲ್ಯಾಶಿನಲ್ಲಿ ಗ್ರಾಫು ಬಿಡಿಸುತ್ತಿತ್ತು. ಪೀಣ್ಯದಲ್ಲಿ ನಾವು ತೋರಿಸಿದ ಅರ್ಧ ಗ್ರಾಫುಗಳು ಅದರವೇ. ಆ ಹುಡುಗನಿಗೆ ನಮ್ಮ ಮಹಡಿಯಲ್ಲಿ ಫ್ಯಾನುಗಳಿದ್ದರು. ವೈಟ್‌ಫೀಲ್ಡ್ ಕಡೆಯ ದೊಡ್ಡ ಕಂಪನಿಗಳವರು ಎಕ್ಸೆಲ್ಸಿಯಸ್ ಬಳಸುತ್ತಿದ್ದರು: ಎಕ್ಸೆಲ್ ಹಾಳೆಯ ಮೇಲೆ ಮೀಟರು, ಗ್ರಾಫುಗಳನ್ನು ಎಳೆದಿಟ್ಟರೆ ಫ್ಲ್ಯಾಶ್ ಫೈಲು ಸಿದ್ಧ. ಬಿಸಿನೆಸ್ ಆಬ್ಜೆಕ್ಟ್ಸ್ 2005ರಲ್ಲಿ ಅದನ್ನು ಕೊಂಡಿತು, ಆಮೇಲೆ ಬಿಸಿನೆಸ್ ಆಬ್ಜೆಕ್ಟ್ಸ್ ಅನ್ನೇ ಸ್ಯಾಪ್ ಕೊಂಡಿತು. ಹಾಳೆಯೊಳಗಿನ ಸತ್ತ ಸಂಖ್ಯೆಗಳ ಬದಲು ಜೀವಂತ ಲೆಕ್ಕ ಬರಬೇಕೆಂದರೆ ಡೇಟಾಬೇಸಿನ ಪ್ರಶ್ನೆಯನ್ನೇ ವೆಬ್ ಸರ್ವಿಸಾಗಿ ಮಾಡುವ ಉಪಾಯವೂ ಅದರಲ್ಲಿತ್ತು. ನಮ್ಮದೇ ಕೆಲಸ, ಸಂಬಳ ಮಾತ್ರ ಬೇರೆ.

2005ರ ಕೊನೆಗೆ ಮ್ಯಾಕ್ರೊಮೀಡಿಯಾ ಅಡೋಬಿಯ ಪಾಲಾಯಿತು. ಫ್ಲ್ಯಾಶಿನಲ್ಲಿ ಓಡುವ ಅಪ್ಲಿಕೇಶನ್ ಕಟ್ಟಲೆಂದೇ ಇದ್ದ ಫ್ಲೆಕ್ಸ್ ಎಂಬ ಉಪಕರಣದ ಮಾರನೆಯ ವರ್ಷದ ಆವೃತ್ತಿ ಫ್ಲೆಕ್ಸ್ 2ರಲ್ಲಿ ಅಂಕಿ-ಅಂಶ ತರುವುದೇ ಮುಖ್ಯ, ಚಿತ್ರ ಆಮೇಲೆ. ಟೈಮ್‌ಲೈನೇ ಇಲ್ಲದ ಫ್ಲ್ಯಾಶ್ ನೋಡಿ ಆರ್ಟಿಸ್ಟುಗಳು ಮುಖ ಸಿಂಡರಿಸಿದರು. ನಾನು ಮೊದಲ ಸಲ ನಿರಾಳವಾಗಿ ಕೆಲಸ ಮಾಡಿದೆ. ಎಎಂಎಫ್ ಸರ್ವರಿನ ಬ್ಲೇಜ್‌ಡಿಎಸ್ ಮತ್ತು ಫ್ಲೆಕ್ಸ್ 3, ಎರಡನ್ನೂ 2008ರ ಹೊತ್ತಿಗೆ ಮುಕ್ತ ತಂತ್ರಾಂಶವಾಗಿ ಬಿಟ್ಟರು.

ಮುಂದಿನದು ಬೇಗ ಮುಗಿಯುತ್ತದೆ. 2010ರ ಏಪ್ರಿಲಿನಲ್ಲಿ ಸ್ಟೀವ್ ಜಾಬ್ಸ್ ಐಫೋನಿನಲ್ಲಿ ಫ್ಲ್ಯಾಶಿಗೆ ಜಾಗವಿಲ್ಲ ಅಂತ ಬಹಿರಂಗ ಪತ್ರ ಬರೆದರು. 2011ರ ನವೆಂಬರಿನಲ್ಲಿ ಅಡೋಬಿ ಮೊಬೈಲ್ ಬ್ರೌಸರುಗಳ ಫ್ಲ್ಯಾಶನ್ನು ಕೈಬಿಟ್ಟು, ಫ್ಲೆಕ್ಸನ್ನು ಅಪಾಚೆಗೆ ದಾನ ಮಾಡಿತು. 2020ರ ಡಿಸೆಂಬರ್ 31ಕ್ಕೆ ಪ್ಲೇಯರಿನ ಬೆಂಬಲ ಮುಗಿಯಿತು, ಜನವರಿ 12ರಿಂದ ಪ್ಲೇಯರು ತಾನಾಗಿಯೇ ಓಡಲು ನಿರಾಕರಿಸಿತು. ಆಗ ನಿಂತದ್ದು ಆಟಗಳು ಮಾತ್ರವಲ್ಲ. ಚೀನಾದ ಡಾಲಿಯನ್‌ನಲ್ಲಿ ರೈಲ್ವೆಯವರ ಕೆಲಸದ ಪರದೆ ನಿಂತಿತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆ ತನ್ನ ಫಾರಂಗಳಿಗಾಗಿ ಫ್ಲ್ಯಾಶ್ ಇರುವ ಸ್ವಂತ ಬ್ರೌಸರನ್ನೇ ಬಿಡುಗಡೆ ಮಾಡಿತು. ಫ್ಲ್ಯಾಶ್ ಎಲ್ಲಿ ಬೇರು ಬಿಟ್ಟಿತ್ತು ಅನ್ನುವುದಕ್ಕೆ ಇವೇ ಸಾಕ್ಷಿ.

ಹಳೆಯ ಫ್ಲ್ಯಾಶನ್ನು ಉಳಿಸುವವರು ಈಗ ಇದ್ದಾರೆ. ರಫಲ್ ಎಂಬ ತಂತ್ರಾಂಶ ಅದನ್ನು ಇಂದಿನ ಬ್ರೌಸರಿನಲ್ಲಿ ಓಡಿಸುತ್ತದೆ. 2020ರಿಂದ ಇಂಟರ್ನೆಟ್ ಆರ್ಕೈವ್ ಅದರ ನೆರವಿನಿಂದ ಆಟ, ಅನಿಮೇಷನ್ನುಗಳನ್ನು ತೋರಿಸುತ್ತಿದೆ. ಒಳ್ಳೆಯದೇ. ನನ್ನ ಒಂದು ಫೈಲನ್ನೂ ಅದರಲ್ಲಿ ಹಾಕಿ ನೋಡಿದೆ. ಬಟನ್ನು ಬಂತು, ಟೇಬಲ್ಲಿನ ತಲೆಬರಹ ಬಂತು, ‘ಲೋಡಿಂಗ್’ ಅಂತ ಬಂದು ಅಲ್ಲೇ ನಿಂತಿತು. ಅತ್ತ ಕಡೆಯ ಸರ್ವರು ಯಾವತ್ತೋ ಗುಜರಿಗೆ ಹೋಗಿದೆ. ಆಟವೊಂದು ತನ್ನೊಳಗೇ ಪೂರ್ತಿಯಾಗಿರುವುದರಿಂದ ಅದನ್ನು ಉಳಿಸಬಹುದು. ನಮ್ಮಂಥವರು ಕಟ್ಟಿದ್ದು ಎರಡು ಯಂತ್ರಗಳ ನಡುವೆ ನಡೆಯುತ್ತಿದ್ದದ್ದು. ಒಂದು ಹೋದರೆ ಇನ್ನೊಂದು ಇದ್ದೂ ಇಲ್ಲ. ಹಾಗಾಗಿ ಫ್ಲ್ಯಾಶಿನ ಇತಿಹಾಸ ಮುಂದೆಯೂ ಆಟಗಳ ಇತಿಹಾಸವಾಗಿಯೇ ಉಳಿಯುತ್ತದೆ ಅನ್ನುವ ಅನುಮಾನ ನನಗಿದೆ.

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮಾತ್ರ ನನ್ನದೊಂದು ಇನ್ನೂ ಓಡುತ್ತಿದೆ. ಎಎಂಎಫೂ ಅಲ್ಲ, ಸೋಪೂ ಅಲ್ಲ. ಹಳೇ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಬ್ರೌಸರಿನ ಹಂಗಿಲ್ಲದ ಪ್ರೊಜೆಕ್ಟರ್ ಫೈಲು. ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲು, ಅದರಲ್ಲಿ ಹೆಸರು, ಸಮ ಚಿಹ್ನೆ, ಬೆಲೆ. ಶಿಫ್ಟ್ ಮುಗಿದಾಗ ಸೂಪರ್‌ವೈಸರು ಕೈಯಿಂದಲೇ ಸಂಖ್ಯೆ ತಿದ್ದುತ್ತಾರೆ, ಗೋಡೆಯ ಮೇಲಿನ ಮಾನಿಟರಿನಲ್ಲಿ ಕಂಬಗಳು ಏರಿಳಿಯುತ್ತವೆ. ಜನವರಿ 12ರ ಬೀಗ ಇದ್ದದ್ದು ಬ್ರೌಸರಿನ ಪ್ಲೇಯರಿಗೆ, ಇದಕ್ಕಲ್ಲ. ಹೋದ ಆಯುಧಪೂಜೆಗೆ ಕರೆದಿದ್ದರು. ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ ಯಜಮಾನರು ಹತ್ತಿರ ಬಂದು, ‘ಮೇಡಂ, ಇದನ್ನ ಮೊಬೈಲಲ್ಲೂ ನೋಡೋ ಹಾಗೆ ಮಾಡಿಕೊಡೋಕಾಗುತ್ತಾ?’ ಅಂದರು. ಎಲ್ಲ ಹೊಸದಾಗಿ ಬರೀಬೇಕಾಗುತ್ತೆ ಅಂತ ಹೇಳಿ, ಒಂದು ಮೊತ್ತ ಹೇಳಿದೆ. ‘ಹಾಗಾದ್ರೆ ಇದೇ ಇರಲಿ ಬಿಡಿ ಮೇಡಂ, ಚೆನ್ನಾಗೇ ಓಡ್ತಿದೆಯಲ್ಲ’ ಅಂದು ಸಿಹಿಯ ಪೊಟ್ಟಣ ಕೈಗಿಟ್ಟರು.