ಕಲ್ಯಾಣದ ಕಥೆ: ಕಿರ್ದಿಯಲ್ಲಿ ಇರುವುದೆಷ್ಟು, ಖಾತೆಗೆ ಏರಿದ್ದೆಷ್ಟು?

ಹುಮನಾಬಾದ ತಾಲೂಕಿನ ಜಲಸಂಗವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ಶಿವಾಲಯವಿದೆ. ಅದರ ಹೊರಗೋಡೆಯಲ್ಲಿ ಸಾಲಾಗಿ ನಿಂತ ಸುಂದರಿಯರ ನಡುವೆ ಒಬ್ಬಳು ಮಾತ್ರ ಬರವಣಿಗೆಯಲ್ಲಿ ಮಗ್ನಳಾಗಿದ್ದಾಳೆ. ಶಿಲ್ಪಿಯು ಆಕೆಯ ಮುಂದೆ ಒಂದು ಹಲಗೆಯನ್ನು ಕಡೆದು, ಅದರ ಮೇಲೆ ನಿಜವಾದ ಅಕ್ಷರಗಳನ್ನೇ ಕೊರೆದಿದ್ದಾನೆ. ಆಕೆ ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿ. ಕಲ್ಯಾಣದ ಸೀಮೆಯಲ್ಲಿ ಬರೆಯುವ ಕೈಗೆ ವಸ್ತು ಎಲ್ಲಿಂದ ದೊರೆಯುತ್ತಿತ್ತೆಂಬ ಪ್ರಶ್ನೆಗೆ ಆ ಕಲ್ಲೇ ಮೊದಲ ಉತ್ತರ ಕೊಡುತ್ತದೆ: ಅರಮನೆಯಿಂದ.

ಈ ವಿಕ್ರಮಾದಿತ್ಯನು, ಅಂದರೆ ಆರನೆಯ ವಿಕ್ರಮಾದಿತ್ಯನು, 1076ರಲ್ಲಿ ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಸೋಲಿಸಿ ಪಟ್ಟವೇರಿದನು. ಅಣ್ಣನನ್ನು ಕೆಳಗಿಳಿಸಿ ಸಿಂಹಾಸನ ಹಿಡಿದವನಿಗೆ ಒಳ್ಳೆಯ ಕಥೆಗಾರನ ಅವಶ್ಯಕತೆ ಇದ್ದೇ ಇರುತ್ತದೆ. ದೂರದ ಕಾಶ್ಮೀರದಿಂದ ಊರೂರು ಅಲೆಯುತ್ತ ಬಂದ ಬಿಲ್ಹಣ ಕವಿಯು ಕಲ್ಯಾಣದ ಆಸ್ಥಾನದಲ್ಲಿ ನೆಲೆನಿಂತು ‘ವಿಕ್ರಮಾಂಕದೇವಚರಿತ’ವೆಂಬ 18 ಸರ್ಗಗಳ ಸಂಸ್ಕೃತ ಮಹಾಕಾವ್ಯವನ್ನು ರಚಿಸಿದನು. ಅದರಲ್ಲಿ ಅಣ್ಣನು ಅಧಿಕಾರಮದದಿಂದ ಕೆಟ್ಟವನಾಗುತ್ತಾನೆ. ತಮ್ಮನಿಗೆ ರಾಜ್ಯದ ಆಸೆಯೇ ಇಲ್ಲ, ಸಾಕ್ಷಾತ್ ಶಿವನ ಅಪ್ಪಣೆಯಾದ ಕಾರಣ ಅವನು ಒಲ್ಲದ ಮನಸ್ಸಿನಿಂದ ಯುದ್ಧಕ್ಕೆ ನಿಲ್ಲುತ್ತಾನೆ. ಸೋತ ಸೋಮೇಶ್ವರನ ಪರವಾಗಿ ಕಾವ್ಯ ಬರೆಯಲು ಯಾವ ಬಿಲ್ಹಣನೂ ಇರಲಿಲ್ಲ.

ಈ ಕಾವ್ಯದ ಮುಂದಿನ ಗತಿ ಜೈನ ಓದುಗರಿಗೆ ತಿಳಿದಿರಬೇಕಾದದ್ದು. ಕಲ್ಯಾಣದಲ್ಲಿ ಹುಟ್ಟಿದ ಕೃತಿ ಕಲ್ಯಾಣದಲ್ಲಿ ಉಳಿಯಲಿಲ್ಲ. 1874ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್‌ರಿಗೆ ಅದರ ತಾಳೆಯ ಪ್ರತಿ ಸಿಕ್ಕಿದ್ದು ರಾಜಸ್ಥಾನದ ಜೈಸಲಮೇರಿನ ಜೈನ ಭಂಡಾರದಲ್ಲಿ. ಮರುವರ್ಷ ಅದು ಅಚ್ಚಾಯಿತು. ಶೈವ ಕವಿಯೊಬ್ಬನು ಶೈವ ರಾಜನನ್ನು ಹೊಗಳಿ ಬರೆದ ಗ್ರಂಥವನ್ನು ಶತಮಾನಗಳ ಕಾಲ ಗೆದ್ದಲು ಹತ್ತದಂತೆ ಕಾಪಾಡಿದವರು ಶ್ರಾವಕರು. ‘ಇದು ನಮ್ಮದಲ್ಲ’ ಎಂದು ಅವರು ಅದನ್ನು ಹೊರಗೆ ಹಾಕಿದ್ದರೆ ಕಲ್ಯಾಣದ ಚರಿತ್ರೆಯ ಒಂದು ದೊಡ್ಡ ಭಾಗವೇ ಕಳೆದುಹೋಗುತ್ತಿತ್ತು. ಬಸದಿಗಳ ಕಪಾಟಿನಲ್ಲಿ ಬಟ್ಟೆ ಸುತ್ತಿದ ಕಟ್ಟುಗಳನ್ನು ಬಿಚ್ಚದೆಯೇ ಇರಿಸಿಕೊಂಡಿರುವ ಆಡಳಿತ ಮಂಡಳಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಕಲ್ಯಾಣದ ಅತಿ ದೊಡ್ಡ ಕಥೆಗೆ ಬರೋಣ. ಮಂಗಳವಾಡದ ಕಳಚುರಿ ಮನೆತನದ ಬಿಜ್ಜಳನು ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು, ಕ್ರಿ.ಶ. 1157ರ ಸುಮಾರಿಗೆ ಕಲ್ಯಾಣದ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಬಸವಣ್ಣನವರು ಅವನ ಭಂಡಾರಿಗಳಾಗಿದ್ದುದು, ಶರಣರ ಬಳಗ ಕೂಡಿದ್ದು, ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹ, ಅದಕ್ಕಾಗಿ ಆ ಇಬ್ಬರು ತಂದೆಯರಿಗಾದ ಘೋರ ಶಿಕ್ಷೆ, ಕೊನೆಗೆ ಬಿಜ್ಜಳನ ಕೊಲೆ, ಇವೆಲ್ಲ ಕನ್ನಡಿಗರ ಮನೆಮಾತು. ಆದರೆ ಈ ಮನೆಮಾತಿನ ಆಧಾರಗಳು ಯಾವುವು? ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ 13ನೆಯ ಶತಮಾನದ ಬಸವಪುರಾಣ, ಕನ್ನಡದಲ್ಲಿ ಭೀಮಕವಿಯ 1369ರ ಬಸವಪುರಾಣ, ವಿರೂಪಾಕ್ಷ ಪಂಡಿತನ 1584ರ ಚೆನ್ನಬಸವಪುರಾಣ ಮೊದಲಾದ ಕಾವ್ಯಗಳು. ಬಿಜ್ಜಳನನ್ನು ಕೊಂದವರು ಜಗದೇವ ಮತ್ತು ಆತನ ಸಂಗಡಿಗರೆಂದು ವೀರಶೈವ ಪುರಾಣಗಳು ಹೇಳುತ್ತವೆ. ಬಿಜ್ಜಳನು ಜೈನನೆಂಬ ಭಾವನೆ ಬೆಳೆದದ್ದೂ ಈ ಪುರಾಣಪರಂಪರೆಯಲ್ಲಿಯೇ.

ಇದಕ್ಕೆ ಜೈನರ ಕಡೆಯಿಂದಲೂ ಒಂದು ಕಥೆ ಹುಟ್ಟಿತು. 17ನೆಯ ಶತಮಾನದ ಧರಣಿಪಂಡಿತನ ‘ಬಿಜ್ಜಳರಾಯಚರಿತೆ’ಯಲ್ಲಿ ಬಿಜ್ಜಳನು ಧರ್ಮಿಷ್ಠನಾದ ಜೈನ ಅರಸು. ಕೊಲ್ಲಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಹೋಗಿ ಹಿಂದಿರುಗುವಾಗ ಅವನು ಭೀಮಾ ತೀರದಲ್ಲಿ ಬೀಡುಬಿಟ್ಟಿರುತ್ತಾನೆ. ಅಲ್ಲಿಗೆ ಜೈನನ ವೇಷ ಧರಿಸಿದ ಒಬ್ಬನು ವಿಷ ಬೆರೆಸಿದ ಹಣ್ಣನ್ನು ತಂದುಕೊಡುತ್ತಾನೆ. ಅರಸನು ಅದರಿಂದ ಸಾಯುತ್ತಾನೆ. ಆ ಹಣ್ಣನ್ನು ಕಳುಹಿಸಿದ ಅಪವಾದವನ್ನು ಕವಿಯು ಬಸವಣ್ಣನವರ ಮೇಲೆಯೇ ಹೊರಿಸುತ್ತಾನೆ.

ಘಟನೆ ನಡೆದು ಸುಮಾರು 500 ವರ್ಷಗಳಾದ ಮೇಲೆ ಬರೆದ ಮಾತು ಇದು. ಕೊಲ್ಲಾಪುರದ ದಂಡಯಾತ್ರೆ, ನದಿಯ ದಡ, ವೇಷ, ಹಣ್ಣು ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಅಷ್ಟು ಕಣ್ಣಿಗೆ ಕಟ್ಟುವುದೇ ಸಂಶಯಕ್ಕೆ ಮೊದಲ ಕಾರಣವಾಗಬೇಕು. ಅಂಗಡಿಯ ಲೆಕ್ಕ ಬಲ್ಲವರಿಗೆ ಇದು ಅರ್ಥವಾಗುವ ಸಂಗತಿ. ದಿನದ ವ್ಯವಹಾರ ಮೊದಲು ಕಿರ್ದಿಯಲ್ಲಿ ಬರಬೇಕು, ಅಲ್ಲಿಂದ ಖಾತೆಗೆ ಏರಬೇಕು. ಕಿರ್ದಿಯಲ್ಲಿ ಇಲ್ಲದ ರಕಮು ಖಾತೆಯಲ್ಲಿ ಕಂಡರೆ, ಅದನ್ನು ಎಷ್ಟು ದುಂಡಾದ ಅಕ್ಷರದಲ್ಲಿ ಬರೆದಿದ್ದರೂ, ಲೆಕ್ಕ ತನಿಖೆ ಮಾಡುವವನು ಒಪ್ಪುವುದಿಲ್ಲ.

ಕಲ್ಯಾಣದ ಕಿರ್ದಿಯೆಂದರೆ ಶಾಸನಗಳು. 1167ರಲ್ಲಿ ಬಿಜ್ಜಳನು ತನ್ನ ಮಗ ರಾಯಮುರಾರಿ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದನೆಂಬುದು ಅವುಗಳಿಂದ ತಿಳಿಯುತ್ತದೆ. ಕೊಲೆಯ ಮಾತನ್ನು, ಅದು ಕತ್ತಿಯಿಂದಾಗಲಿ ವಿಷದಿಂದಾಗಲಿ, ಅವು ಎತ್ತುವುದಿಲ್ಲ. ಕಳಚುರಿಗಳ ಬಿರುದುಗಳಲ್ಲಿ ‘ಸುವರ್ಣ ವೃಷಭಧ್ವಜ’ ಎಂಬುದು ಸೇರಿದೆ. ಇನ್ನೂ ಬಿಗಿಯಾದ ಸಾಕ್ಷ್ಯ ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿದೆ. ಕ್ರಿ.ಶ. 1200ರ ಸುಮಾರಿನ ಆ ಶಾಸನವು ಏಕಾಂತದ ರಾಮಯ್ಯನೆಂಬ ಶಿವಭಕ್ತನು ಜೈನರೊಡನೆ ಹೂಡಿದ ವಾದವನ್ನು ವರ್ಣಿಸುತ್ತದೆ. ಸೋತ ಜೈನರು ಬಿಜ್ಜಳನಲ್ಲಿಗೆ ದೂರು ಒಯ್ದರು; ಬಿಜ್ಜಳನು ರಾಮಯ್ಯನಿಗೇ ಜಯಪತ್ರವನ್ನಿತ್ತು, ಅಲ್ಲಿಯ ದೇವಾಲಯಕ್ಕೆ ದತ್ತಿ ಕೊಟ್ಟನು. ತಲೆಯನ್ನು ಕಡಿದುಕೊಂಡು ಮತ್ತೆ ಪಡೆದ ಪವಾಡವೂ ಅದರಲ್ಲಿ ಇರುವುದರಿಂದ ಆ ಶಾಸನವನ್ನೂ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಬಿಜ್ಜಳನ ನೆನಪು ಇನ್ನೂ ಹಸಿಯಾಗಿದ್ದ ದಿನಗಳಲ್ಲಿ ಅದನ್ನು ಕೆತ್ತಿಸಿದವರಿಗೆ ಅವನು ಜೈನಪಕ್ಷಪಾತಿಯಾಗಿ ಕಾಣಲಿಲ್ಲ ಎಂಬಷ್ಟಂತೂ ಸ್ಪಷ್ಟ. ಅವನು ಜೈನನೆಂದು ಹಳಿಯುವವರೂ ಜೈನನೆಂದು ಹೆಮ್ಮೆಪಡುವವರೂ ಒಂದೇ ದುರ್ಬಲವಾದ ಕೊಂಬೆಯ ಮೇಲೆ ಕುಳಿತಿದ್ದಾರೆ.

ಹಾಗಾದರೆ ಕಥೆ ಕಟ್ಟುವುದೇ ತಪ್ಪೇ? ಜೈನರು ಹಾಗೆ ಹೇಳಲಾರರು. ಕನ್ನಡ ಗದ್ಯಕಥೆಗಳ ಆದಿಯಲ್ಲಿಯೇ ‘ವಡ್ಡಾರಾಧನೆ’ ಇದೆ. ಅದರ 19 ಕಥೆಗಳಲ್ಲಿ ಪ್ರತಿಯೊಂದೂ ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥದ ಒಂದು ಪ್ರಾಕೃತ ಗಾಹೆಯಿಂದ ಆರಂಭವಾಗುತ್ತದೆ. ಗಾಹೆಯಲ್ಲಿ ಇರುವುದು ಎರಡೇ ಸಾಲು: ಇಂಥ ಮುನಿಯು ಇಂಥ ಉಪಸರ್ಗವನ್ನು ಸಹಿಸಿ ಸದ್ಗತಿ ಪಡೆದನು. ಆ ಎರಡು ಸಾಲಿನಿಂದ ಕಥೆಗಾರನು ಊರು, ಬೀದಿ, ಸೆಟ್ಟಿಯ ಮನೆ, ಕಳ್ಳರು, ವೇಶ್ಯೆಯರು, ಹಸಿವು, ಭವಾವಳಿ ಎಲ್ಲವನ್ನೂ ಬೆಳೆಸುತ್ತಾನೆ. ತಾನು ಯಾವ ಬೀಜದಿಂದ ಬೆಳೆದೆನೆಂಬುದನ್ನು ಕಥೆಯೇ ಮೊದಲು ತೋರಿಸುತ್ತದೆ; ಉಳಿದದ್ದು ಕಥನವೆಂದು ಓದುಗನಿಗೆ ಗೊತ್ತಿರುತ್ತದೆ. ಇಲ್ಲಿ ಯಾರಿಗೂ ಮೋಸವಿಲ್ಲ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರವನ್ನು ಸೃಷ್ಟಿಸುವುದು. ವ್ಯಾಪಾರಿಗಳು ಇದನ್ನು ಕೇವಲ ಸಾಲಪತ್ರ, ಲೆಕ್ಕಪುಸ್ತಕಗಳಿಗೆ ಸಂಬಂಧಿಸಿದ್ದೆಂದು ತಿಳಿಯುವುದುಂಟು. ಕಥೆಯನ್ನು ಕಥೆಯೆಂದೇ ಹೇಳುವವನು ಕೂಟಲೇಖ ಮಾಡುವುದಿಲ್ಲ. ಆದರೆ ಬದುಕಿದ್ದ ಒಬ್ಬ ವ್ಯಕ್ತಿಯ ಮೇಲೆ ಆಧಾರವಿಲ್ಲದ ಕೊಲೆಯ ಅಪರಾಧವನ್ನು ಹೊರಿಸಿ, ಅದನ್ನು ‘ಚರಿತೆ’ ಎಂದು ಕರೆದರೆ ಅದು ಕೂಟಲೇಖದ ಅಂಚಿಗೆ ಬಂದು ನಿಲ್ಲುತ್ತದೆ. ಅದನ್ನು ಬರೆದವನು ಜೈನನೆಂಬುದರಿಂದ ಅಪವಾದವು ಹಗುರವಾಗುವುದಿಲ್ಲ; ವ್ರತದ ಹೆಸರು ಬಲ್ಲವನಾದ್ದರಿಂದ ಇನ್ನಷ್ಟು ಭಾರವಾಗುತ್ತದೆ.

ಯಶೋಧರನ ಕಥೆಯನ್ನೂ ಇಲ್ಲಿ ನೆನೆಯಬೇಕು. ಸೋಮದೇವಸೂರಿಗಳು 959ರಲ್ಲಿ ‘ಯಶಸ್ತಿಲಕ’ದಲ್ಲಿ ಹೇಳಿದ, ಆಮೇಲೆ ವಾದಿರಾಜರು ಸಂಸ್ಕೃತದಲ್ಲಿ ಸಂಗ್ರಹವಾಗಿ ಬರೆದ ಆ ಕಥೆಯನ್ನು ಜನ್ನನು 1209ರಲ್ಲಿ ಕನ್ನಡದ ಕಂದಗಳಿಗೆ ತಂದನು. ಅಶುಭ ಸ್ವಪ್ನದ ಶಾಂತಿಗಾಗಿ ತಾಯಿ ಚಂದ್ರಮತಿಯು ಬಲಿಯನ್ನು ಕೇಳುತ್ತಾಳೆ. ಜೀವಹಿಂಸೆಗೆ ಹೇಸಿದ ಯಶೋಧರನು ಕೊನೆಗೆ ಹಿಟ್ಟಿನ ಹುಂಜವನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹುಂಜ ಕೂಗುತ್ತದೆ. ರಕ್ತವಿಲ್ಲ, ಪ್ರಾಣಿಯಿಲ್ಲ, ಆದರೂ ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ, ಏಕೆಂದರೆ ಅಲ್ಲಿ ನಡೆದದ್ದು ಸಂಕಲ್ಪಹಿಂಸೆ. ಗೃಹಸ್ಥನಿಗೆ ಅಡುಗೆಮನೆಯಲ್ಲಿ, ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆಯುಂಟು. ಸಂಕಲ್ಪದ ಹಿಂಸೆಗೆ ಮಾತ್ರ ರಿಯಾಯಿತಿ ಇಲ್ಲ. ಕಾಗದದ ಮೇಲೆ ಒಬ್ಬನನ್ನು ಕೊಲ್ಲುವ, ಅಥವಾ ಕೊಲೆಗಾರನನ್ನಾಗಿ ಮಾಡುವ ಲೇಖಕನ ಕೈಯಲ್ಲಿರುವುದೂ ಹಿಟ್ಟಿನ ಹುಂಜವೇ. ಲೋಭಕ್ಕಾಗಿಯೋ ದ್ವೇಷಕ್ಕಾಗಿಯೋ ಅದನ್ನು ಕಡಿದನೇ, ಇಲ್ಲವೇ ಹಿಂಸೆಯ ಮುಖವನ್ನು ತೋರಿಸಲು ಕಡಿದನೇ ಎಂಬುದನ್ನು ಅವನ ಸಂಕಲ್ಪವೇ ನಿರ್ಣಯಿಸುತ್ತದೆ. ಜನ್ನನ ಹುಂಜ ಎರಡನೆಯ ಬಗೆಯದು.

ಆಧುನಿಕ ಕನ್ನಡ ಲೇಖಕರು ಕಲ್ಯಾಣವನ್ನು ಮತ್ತೆ ಮತ್ತೆ ಹೊಕ್ಕಿದ್ದಾರೆ. ಬಿ. ಪುಟ್ಟಸ್ವಾಮಯ್ಯನವರು ಈ ಕಾಲವನ್ನು ಕುರಿತು ಆರು ಕಾದಂಬರಿಗಳ ಮಾಲೆಯನ್ನೇ ಬರೆದರು. ಅದರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂತು. ಪಿ. ಲಂಕೇಶರ ‘ಸಂಕ್ರಾಂತಿ’ ನಾಟಕ 1971ರದು, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರದು. ಒಂದೇ ಊರು, ಒಂದೇ ಕೆಲವು ವರ್ಷಗಳು ಇಷ್ಟು ಜನರನ್ನು ಕರೆದ ಕಾರಣವು ಶಾಸನಗಳ ಮೌನದಲ್ಲಿದೆ. 1167ರಲ್ಲಿ ಅರಸನು ಪಟ್ಟವನ್ನು ಏಕೆ ಬಿಟ್ಟನು? ಬಸವಣ್ಣನವರು ಕಲ್ಯಾಣವನ್ನು ಏಕೆ ತೊರೆದರು? ಕಲ್ಲು ಸುಮ್ಮನಿರುವಲ್ಲಿ ಕಥೆಗಾರನಿಗೆ ಜಾಗ ದೊರೆಯುತ್ತದೆ. ಕಲ್ಲು ಮಾತನಾಡಿದಲ್ಲಿ ಅದಕ್ಕೆ ವಿರೋಧವಾಗಿ ಬರೆಯದಿರುವುದು ಅವನ ಮರ್ಯಾದೆ.

ಈ ಪರಂಪರೆಯಲ್ಲಿ ಗಿರೀಶ ಕಾರ್ನಾಡರ ಸ್ಥಾನ ಕುತೂಹಲಕರವಾದದ್ದು. ಜನ್ನನ ಯಶೋಧರನಿಂದ ಅವರು 1980ರಲ್ಲಿ ‘ಹಿಟ್ಟಿನ ಹುಂಜ’ವನ್ನು ಪಡೆದರು, ಹತ್ತು ವರ್ಷಗಳ ತರುವಾಯ, 1990ರಲ್ಲಿ, ಕಲ್ಯಾಣದ ವಸ್ತುವಿನಿಂದ ‘ತಲೆದಂಡ’ವನ್ನು ಬರೆದರು. 1994ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಅದಕ್ಕೆ ಸಂದಿತು. ದೇಶದಲ್ಲಿ ಮಂದಿರ, ಮೀಸಲಾತಿಗಳ ಬಗ್ಗೆ ಬೆಂಕಿ ಹತ್ತಿದ್ದ ಕಾಲ ಅದು. ಅವರ ಬಿಜ್ಜಳನು ಜೈನನಾಗಿ ಬರುವುದಿಲ್ಲ. ತನ್ನ ಕುಲ ಕ್ಷೌರಿಕರದೆಂದು ಹೇಳಿಕೊಂಡು, ಕ್ಷತ್ರಿಯರ ಪಟ್ಟವನ್ನು ಹೊತ್ತಿದ್ದರೂ ಜಾತಿಯ ನೋವನ್ನು ಮರೆಯಲಾರದ ಅರಸು ಅವನು. ಜೈನರು ಆ ನಾಟಕದಲ್ಲಿ ಬೇರೊಂದು ಬಗೆಯಲ್ಲಿ ಬರುತ್ತಾರೆ. ಬಸದಿಯೊಂದರ ಸಲುವಾಗಿ ಶರಣರಿಗೂ ಜೈನರಿಗೂ ಕಲಹ ಏಳುತ್ತದೆ. ತಮ್ಮ ಕಡೆಯವರೇ ಕೈಯೆತ್ತಿದ್ದಾರೆಂದು ತಿಳಿದಾಗ ಬಸವಣ್ಣನವರು ಅದನ್ನು ಖಂಡಿಸುತ್ತಾರೆ. ಧರಣಿಪಂಡಿತನು ಯಾರ ಕಡೆಯಿಂದ ವಿಷದ ಹಣ್ಣನ್ನು ತರಿಸಿದನೋ ಅವರೇ ಇಲ್ಲಿ ಬಸದಿಯ ಪರವಾಗಿ ಮಾತನಾಡುತ್ತಾರೆ. ಈ ಪ್ರಸಂಗವೂ ಯಾವ ಶಾಸನದಲ್ಲಿಯೂ ಇಲ್ಲ.