ಅಂಟುಪುರಲೆಯ ಅಂಟು

ಮಳೆ ನಿಂತು ಕುರುಚಲು ಒಣಗುವ ಕಾಲಕ್ಕೆ ಮಾಗಡಿಯ ಸಾವನದುರ್ಗದ ಬುಡದಲ್ಲಿ ಕಾಲುದಾರಿ ಹಿಡಿದು ಬಂದವರ ಪಂಚೆಯಂಚು, ಸೀರೆಯ ನೆರಿಗೆ ನೋಡಬೇಕು. ಹೊಲಿದಿಟ್ಟಂತೆ ಅಂಟುಪುರಲೆ. ಪುರಲೆ ಎಂದರೆ ಒಲೆಗೆ ಆಯ್ದು ತರುವ ಒಣಕಡ್ಡಿ. ಅಂಟುಪುರಲೆ ಒಂದೇ ಗಿಡದ ಹೆಸರೂ ಅಲ್ಲ. ಬಟ್ಟೆಗೆ ಮೆತ್ತಿಕೊಳ್ಳುವ ಗಿಡ, ಹುಲ್ಲು ಹಲವಕ್ಕೆ ಅದೇ ಹೆಸರು. ಬಿಡದೆ ಬೆನ್ನುಹತ್ತುವ ಮನುಷ್ಯನಿಗೂ ಅದೇ.

ಆದರೆ ಅಂಟುಪುರಲೆಯಲ್ಲಿ ಅಂಟೇ ಇಲ್ಲ. ಇರುವುದು ಕೊಕ್ಕೆಯಂತೆ ಬಾಗಿದ ಬಿರುಗೂದಲು. ಬೇಲಿ ಬದಿಯ ಉತ್ತರಾಣಿಯೂ ಹಾಗೇ, ಚೂಪುಕಾಯಿಗಳನ್ನು ಕಡ್ಡಿಗೊರಗಿಸಿ, ಮೊನೆ ಕೆಳಗೆ ಮಾಡಿ ಕಾದಿರುತ್ತದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ತ್ರಾಲ್ ನಾಯಿಯ ಮೈಯಿಂದ ಇಂಥದೊಂದು ಕಾಯಿ ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಕೊಕ್ಕೆ. ಚರ್ರೆಂದು ಬಿಚ್ಚುವ ವೆಲ್ಕ್ರೋ ಪಟ್ಟಿ ಅದರಿಂದ ಹುಟ್ಟಿತು. ಕನ್ನಡಕ್ಕೆ ಕಂಡದ್ದು ಬಟ್ಟೆಯ ಪಾಡು. ತುರಚಿ ಬಳ್ಳಿಗೂ ಹೀಗೇ ಹೆಸರಾಗಿದೆ. ಅದರ ರೋಮದೊಳಗೆ ಸೂಜಿಯಂಥ ಹರಳಿದ್ದರೂ ಹೆಸರಿನೊಳಗಿರುವುದು ನಮ್ಮ ತುರಿಕೆ. ಮುಟ್ಟಿ ಅನುಭವಿಸಿದವರು ಇಟ್ಟ ಈ ಹೆಸರುಗಳು ನನಗೆ ಬಹಳ ಇಷ್ಟ.

ಕಾಡಿನಲ್ಲಿ ಬೈಸಿಕೊಳ್ಳುವ ಅಂಟು ಬೆಟ್ಟ ಇಳಿದರೆ ಅನ್ನ ಕೊಡುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ನೂಲಿನಲ್ಲಿ ಹತ್ತಿರ ಹತ್ತಿರ ಕಾಲುಭಾಗ ಅಂಟು. ಬಿಸಿನೀರಿನಲ್ಲಿ ಅದು ಸಡಿಲವಾದರೇನೇ ಎಳೆ ಸಿಗುವುದು. ನೂಲು ಬಿಚ್ಚಾಣಿಕೆ ಮಾಡುವವರು ಹಲವು ಗೂಡುಗಳ ಎಳೆ ಕೂಡಿಸಿ ಎಳೆಯುವಾಗ, ಉಳಿದ ಅಂಟೇ ಅವನ್ನೆಲ್ಲ ಬೆಸೆದು ಒಂದು ದಾರ ಮಾಡುತ್ತದೆ. ಬಿಡಿಸಬೇಕಾದದ್ದೂ ಅದನ್ನೇ, ನಂಬಬೇಕಾದದ್ದೂ ಅದನ್ನೇ. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಅಂಟುತ್ತದೆ.

ನಮ್ಮ ಕಡೆ ದೀಪವನ್ನೂ ಅಂಟಿಸುತ್ತಾರೆ. ಜಾಡ್ಯ ಅಂಟುತ್ತದೆ, ಚಟ ಅಂಟುತ್ತದೆ, ನಂಟಿಗೂ ಅಂಟೇ ಜೊತೆ. ಇಷ್ಟಕ್ಕೆಲ್ಲ ಒಂದೇ ಪದ ಸಾಕಾಗಿದೆ.

ಜಗಲಿಯಲ್ಲಿ ಕೂತು ಪಂಚೆಯಿಂದ ಒಂದೊಂದೇ ಕಾಯಿ ಕಿತ್ತು ಹಿತ್ತಲ ಬೇಲಿಗೆ ಎಸೆಯುತ್ತೇವೆ. ಸಾವನದುರ್ಗದ ಬುಡದಿಂದ ಅಷ್ಟು ದೂರ ಅವು ಬಂದಿದ್ದೇ ಅದಕ್ಕೆ. ಮುಂದಿನ ಮುಂಗಾರಿಗೆ ಅಲ್ಲಿ ಎರಡೆಲೆ.